ಕಾರಿನ ಟ್ಯಾಕ್ಸನ್ನು ಅಮೆರಿಕದ ರಿಟರ್ನಿನಲ್ಲಿ ಕಳೆಯುವುದು ಹೇಗೆ? ಬಿಲ್ಲಿನ ಯಾವ ಸಾಲು ಲೆಕ್ಕಕ್ಕೆ ಬರುತ್ತದೆ?

ಫೆಬ್ರವರಿ ಬಂದರೆ ಸಾಕು, ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ: "ಕಾರಿಗೆ ಕಟ್ಟಿದ ಟ್ಯಾಕ್ಸ್ ಕ್ಲೇಮ್ ಮಾಡಬಹುದಂತೆ, ಹೌದಾ? ಎಷ್ಟು ವಾಪಸ್ ಬರುತ್ತೆ?" ಮೊದಲ ಪ್ರಶ್ನೆಗೆ ಉತ್ತರ ಹೌದು. ಎರಡನೆಯದಕ್ಕೆ ಉತ್ತರ ಬಹಳ ಮಂದಿಯ ಪಾಲಿಗೆ ಸೊನ್ನೆ. ಹಾಗಾಗಿ ಬಿಲ್ಲು, ರಸೀದಿ ಹುಡುಕುವ ಮುಂಚೆ ಈ ತಲೆನೋವು ನಿಮಗೆ ಬೇಕೇ ಬೇಡವೇ ಎಂದು ನೋಡಿಕೊಳ್ಳೋಣ. ಕಾರಿನ ಟ್ಯಾಕ್ಸ್ ಎಂದರೆ ರಾಜ್ಯ ಅಥವಾ ಕೌಂಟಿ (ಜಿಲ್ಲೆಯಂಥ ಸ್ಥಳೀಯ ಆಡಳಿತ) ವರ್ಷಕ್ಕೊಮ್ಮೆ ಕಾರಿನ ಮೇಲೆ ಹಾಕುವ ತೆರಿಗೆ. ಇಲ್ಲಿ ಹೇಳುವುದೆಲ್ಲ 2025ನೇ ವರ್ಷದ, ಅಂದರೆ 2026ರ ಏಪ್ರಿಲ್ 15ರೊಳಗೆ ಸಲ್ಲಿಸುವ ಫೆಡರಲ್ (ಕೇಂದ್ರ ಸರ್ಕಾರದ) ರಿಟರ್ನಿನ ಲೆಕ್ಕ.

ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದದ್ದು ಇಷ್ಟೇ: 2025ರಲ್ಲಿ ಹಣ ಕಟ್ಟಿದ ಕೌಂಟಿ ಟ್ಯಾಕ್ಸ್ ಬಿಲ್ ಅಥವಾ ಡಿಎಂವಿಯ (ರಾಜ್ಯದ ವಾಹನ ನೋಂದಣಿ ಇಲಾಖೆ) ರಿನ್ಯೂವಲ್ ನೋಟಿಸ್, ಕಟ್ಟಿದ್ದಕ್ಕೆ ಬ್ಯಾಂಕ್ ಅಥವಾ ಕಾರ್ಡ್ ಸ್ಟೇಟ್‌ಮೆಂಟ್, ಕಂಪನಿ ಕೊಡುವ ಸಂಬಳದ ಹಾಳೆ ಡಬ್ಲ್ಯು-2, ಮನೆ ಸಾಲ ಇದ್ದರೆ ಬಡ್ಡಿಯ ಲೆಕ್ಕದ ಹಾಳೆ 1098, ಮತ್ತು ಹೋದ ವರ್ಷದ ರಿಟರ್ನ್.

ಹಂತ 1: ನೀವು ಐಟಮೈಸ್ ಮಾಡುವವರೇ?

ಆದಾಯದಲ್ಲಿ ಒಂದಷ್ಟು ಹಣಕ್ಕೆ ತೆರಿಗೆ ಬೀಳದ ಹಾಗೆ ಕಳೆದುಕೊಳ್ಳಲು ಎರಡು ದಾರಿ ಇವೆ. ಒಂದು, ಯಾವ ಲೆಕ್ಕವನ್ನೂ ಕೇಳದೆ ಸರ್ಕಾರ ಬಿಟ್ಟುಕೊಡುವ ಇಡುಗಂಟಿನ ಮೊತ್ತ. ಇದು ಸ್ಟ್ಯಾಂಡರ್ಡ್ ಡಿಡಕ್ಷನ್. ಇನ್ನೊಂದು, ಮನೆ ಸಾಲದ ಬಡ್ಡಿ, ರಾಜ್ಯಕ್ಕೆ ಕಟ್ಟಿದ ತೆರಿಗೆ, ದಾನ ಎಂದು ಒಂದೊಂದನ್ನೇ ಶೆಡ್ಯೂಲ್ ಎ ಎಂಬ ಹಾಳೆಯಲ್ಲಿ ಬರೆದು ಕೂಡಿಸುವುದು. ಇದಕ್ಕೆ ಐಟಮೈಸ್ ಮಾಡುವುದು ಎನ್ನುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ನಿಮ್ಮ ಸ್ವಂತ ಓಡಾಟದ ಕಾರಿನ ಟ್ಯಾಕ್ಸ್ ಕೂರುವುದು ಶೆಡ್ಯೂಲ್ ಎಯಲ್ಲಿ ಮಾತ್ರ.

2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂಟಿಯಾಗಿ ಸಲ್ಲಿಸುವವರಿಗೆ 15,750 ಡಾಲರ್, ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 31,500 ಡಾಲರ್. ನಿಮ್ಮ ಶೆಡ್ಯೂಲ್ ಎ ಮೊತ್ತ ಇದನ್ನು ದಾಟದಿದ್ದರೆ ಕಾರಿನ ಟ್ಯಾಕ್ಸಿನಿಂದ ಫೆಡರಲ್ ರಿಟರ್ನಿನಲ್ಲಿ ಒಂದು ಸೆಂಟೂ ಉಳಿಯುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವ ಒಂದು ಜೋಡಿ ಎಂದುಕೊಳ್ಳಿ. ರಾಜ್ಯದ ಆದಾಯ ತೆರಿಗೆ 9,000, ಕಾರಿನದು 800, ದೇವಸ್ಥಾನಕ್ಕೆ ಕೊಟ್ಟದ್ದು 500. ಒಟ್ಟು 10,300. ಇದು 31,500ರ ಹತ್ತಿರಕ್ಕೂ ಸುಳಿಯುವುದಿಲ್ಲ. ಇವರು ಕಾರಿನ ಬಿಲ್ಲು ಹುಡುಕುತ್ತಾ ಶನಿವಾರ ಕಳೆಯುವುದು ದಂಡ.

ಹಂತ 2: ಸಾಲ್ಟ್ ಮಿತಿಯೊಳಗೆ ಜಾಗ ಇದೆಯೇ?

ಐಟಮೈಸ್ ಮಾಡುವವರಿಗೆ ಎರಡನೇ ಗೇಟು ಇದು. ರಾಜ್ಯ ಮತ್ತು ಸ್ಥಳೀಯ ತೆರಿಗೆಗಳನ್ನೆಲ್ಲ ಸೇರಿಸಿ ಸಾಲ್ಟ್ ಎಂದು ಕರೆಯುತ್ತಾರೆ. ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅಷ್ಟೇ. ರಾಜ್ಯದ ಆದಾಯ ತೆರಿಗೆ, ಮನೆಯ ಪ್ರಾಪರ್ಟಿ ಟ್ಯಾಕ್ಸ್, ಕಾರಿನ ಟ್ಯಾಕ್ಸ್ ಮೂರೂ ಒಂದೇ ಡಬ್ಬಿಗೆ ಬೀಳುತ್ತವೆ, ಆ ಡಬ್ಬಿಗೆ ಒಂದು ಮಿತಿ ಇದೆ.

2018ರಿಂದ 2024ರವರೆಗೆ ಮಿತಿ 10,000 ಡಾಲರ್ ಇತ್ತು. ಸ್ವಂತ ಮನೆ ಇದ್ದವರಲ್ಲಿ ಎಷ್ಟೋ ಮಂದಿಗೆ ರಾಜ್ಯದ ತೆರಿಗೆ, ಮನೆಯ ತೆರಿಗೆ ಸೇರಿದರೇ ಡಬ್ಬಿ ತುಂಬಿಬಿಡುತ್ತಿತ್ತು. ಕಾರಿನದನ್ನು ಬರೆದರೂ ಒಂದೇ, ಬಿಟ್ಟರೂ ಒಂದೇ. "ಹೋದ ವರ್ಷ ಹಾಕಿದ್ದೆ, ಏನೂ ಬರಲಿಲ್ಲ" ಎನ್ನುವವರ ಕಥೆ ಸಾಮಾನ್ಯವಾಗಿ ಇದೇ.

2025ರ ಜುಲೈನಲ್ಲಿ ಕಾನೂನು ಬದಲಾಯಿತು. 2025ಕ್ಕೆ ಮಿತಿ 40,000 ಡಾಲರ್, 2026ಕ್ಕೆ 40,400. ಆಮೇಲೆ 2029ರವರೆಗೆ ವರ್ಷಕ್ಕೆ ಶೇಕಡಾ 1ರಷ್ಟು ಏರುತ್ತದೆ, 2030ಕ್ಕೆ ಮತ್ತೆ 10,000ಕ್ಕೆ ಇಳಿಯುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಸಲ್ಲಿಸಿದರೆ ಇದರ ಅರ್ಧ. 2025ರಲ್ಲಿ ಆದಾಯ 5,00,000 ಡಾಲರ್ ದಾಟಿದವರಿಗೆ ದಾಟಿದ ಮೊತ್ತದ ಶೇಕಡಾ 30ರಷ್ಟು ಮಿತಿ ಕಡಿಮೆಯಾಗುತ್ತಾ ಹೋಗಿ, 6,00,000 ಮುಟ್ಟುವ ಹೊತ್ತಿಗೆ ಹಳೆಯ 10,000ಕ್ಕೇ ಬಂದು ನಿಲ್ಲುತ್ತದೆ. ಇಬ್ಬರೂ ಐಟಿಯಲ್ಲಿದ್ದು, ಷೇರು ಬೇರೆ ಸಿಗುವ ಮನೆಗಳವರು ಇದನ್ನು ಗಮನಿಸಿ.

ಲೆಕ್ಕದಲ್ಲಿ ಇದು ಹೇಗೆ ಕಾಣುತ್ತದೆ? ವರ್ಜೀನಿಯಾದಲ್ಲಿ ಸ್ವಂತ ಮನೆ, ಎರಡು ಕಾರು ಇರುವ ಜೋಡಿ. ರಾಜ್ಯದ ಆದಾಯ ತೆರಿಗೆ 9,000, ಮನೆಯ ತೆರಿಗೆ 8,500, ಎರಡು ಕಾರಿಗೆ 1,100. ಸಾಲ್ಟ್ ಒಟ್ಟು 18,600. ಮನೆ ಸಾಲದ ಬಡ್ಡಿ 16,000, ದಾನ 1,000. ಎಲ್ಲ ಸೇರಿ 35,600. ಸ್ಟ್ಯಾಂಡರ್ಡ್ ಡಿಡಕ್ಷನ್ನಿಗಿಂತ 4,100 ಹೆಚ್ಚು. ಇವರು ಶೇಕಡಾ 22ರ ಸ್ಲ್ಯಾಬಿನಲ್ಲಿದ್ದರೆ ಕಾರಿನ 1,100 ಡಾಲರಿನಿಂದ ಉಳಿಯುವುದು 242 ಡಾಲರ್. ಇದೇ ಅಂಕಿಗಳನ್ನು 2024ರ ನಿಯಮದಲ್ಲಿ ಇಟ್ಟು ನೋಡಿ: ಸಾಲ್ಟ್ 10,000ಕ್ಕೆ ನಿಂತು ಒಟ್ಟು 27,000. ಆ ವರ್ಷದ ಸ್ಟ್ಯಾಂಡರ್ಡ್ ಡಿಡಕ್ಷನ್ 29,200. ಕಾರಿನ ಟ್ಯಾಕ್ಸ್ ಕೆಲಸಕ್ಕೆ ಬಾರದು.

ಇಲ್ಲಿ ಇನ್ನೊಂದು ಮಾತು. ಕಳೆಯುವುದು ಎಂದರೆ ಆದಾಯದಿಂದ ಕಳೆಯುವುದು. ಕಟ್ಟಿದ 1,100 ಹಾಗೇ ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಿಕೊಂಡು ಕುಳಿತವರು ಕಡಿಮೆ ಇಲ್ಲ.

ಹಂತ 3: ಬಿಲ್ಲು ಓದಿ, ಸರಿಯಾದ ಸಾಲು ಹುಡುಕಿ

ಎರಡೂ ಗೇಟು ದಾಟಿದಿರಾ? ನಿಜವಾದ ಕೆಲಸ ಈಗ. ಜನ ಅತಿ ಹೆಚ್ಚು ತಪ್ಪು ಮಾಡುವುದೂ ಇಲ್ಲೇ: ಬಿಲ್ಲಿನ ಕೆಳಗಿರುವ ಒಟ್ಟು ಮೊತ್ತವನ್ನು ಎತ್ತಿ ಬರೆದುಬಿಡುತ್ತಾರೆ.

ಐಆರ್‌ಎಸ್ (ಅಮೆರಿಕದ ಕೇಂದ್ರ ತೆರಿಗೆ ಇಲಾಖೆ) ಮೂರು ಷರತ್ತು ಇಟ್ಟಿದೆ. ತೆರಿಗೆ ಕಾರಿನ ಬೆಲೆಯ ಮೇಲೆ ಮಾತ್ರ ನಿಂತಿರಬೇಕು. ವರ್ಷಕ್ಕೊಮ್ಮೆ ವಿಧಿಸುವಂಥದ್ದಾಗಿರಬೇಕು, ಎರಡು ಕಂತಿನಲ್ಲಿ ವಸೂಲು ಮಾಡಿದರೂ ಪರವಾಗಿಲ್ಲ. ಪರ್ಸನಲ್ ಪ್ರಾಪರ್ಟಿ, ಅಂದರೆ ಮನೆ ಜಮೀನು ಬಿಟ್ಟು ಚರ ಆಸ್ತಿಯ ಮೇಲಿನ ತೆರಿಗೆಯಾಗಿರಬೇಕು. ಹೆಸರು ಏನಾದರೂ ಇರಲಿ, ಫೀ ಎನ್ನಲಿ, ಎಕ್ಸೈಸ್ ಎನ್ನಲಿ, ಲೈಸೆನ್ಸ್ ಎನ್ನಲಿ, ಈ ಮೂರು ಹೊಂದಿದರೆ ಸಾಕು. ಹೊಂದದಿದ್ದರೆ ಹೆಸರಿನಲ್ಲಿ ಟ್ಯಾಕ್ಸ್ ಎಂದಿದ್ದರೂ ನಡೆಯುವುದಿಲ್ಲ.

ಐಆರ್‌ಎಸ್ ತನ್ನ ಕೈಪಿಡಿಯಲ್ಲೇ ಒಂದು ಉದಾಹರಣೆ ಕೊಡುತ್ತದೆ. ಒಂದು ರಾಜ್ಯ ಕಾರಿನ ಬೆಲೆಯ ಶೇಕಡಾ 1, ಜೊತೆಗೆ ಪ್ರತಿ ನೂರು ಪೌಂಡ್ ತೂಕಕ್ಕೆ 50 ಸೆಂಟ್ ವಸೂಲು ಮಾಡುತ್ತದೆ. ಕಾರಿನ ಬೆಲೆ 1,500 ಡಾಲರ್, ತೂಕ 3,400 ಪೌಂಡ್. ಕಟ್ಟಿದ್ದು 32 ಡಾಲರ್. ಕಳೆಯಬಹುದಾದದ್ದು ಬೆಲೆಯ ಮೇಲಿನ 15 ಮಾತ್ರ. ತೂಕದ ಮೇಲಿನ 17 ಇಲ್ಲ. ಬೆಲೆ ನೋಡಿದರೆ ಯಾವ ಕಾಲದ ಕಾರೋ ಎನಿಸುತ್ತದೆ, ಆದರೆ ಸೂತ್ರ ಇದೇ.

ಇನ್ನು ನಮ್ಮವರು ಹೆಚ್ಚಾಗಿ ಇರುವ ರಾಜ್ಯಗಳಲ್ಲಿ ಬಿಲ್ಲು ಹೇಗಿರುತ್ತದೆ ನೋಡೋಣ.

ಕ್ಯಾಲಿಫೋರ್ನಿಯಾ: ಡಿಎಂವಿ ನೋಟಿಸಿನಲ್ಲಿ ರಿಜಿಸ್ಟ್ರೇಷನ್ ಫೀ, ಹೈವೇ ಪ್ಯಾಟ್ರೋಲ್ (ಹೆದ್ದಾರಿ ಪೊಲೀಸ್) ಫೀ, ಕೌಂಟಿ ಫೀ ಎಂದು ಸಾಲು ಸಾಲಾಗಿ ಇರುತ್ತವೆ. ನಿಮಗೆ ಬೇಕಾದದ್ದು ವೆಹಿಕಲ್ ಲೈಸೆನ್ಸ್ ಫೀ ಎಂಬ ಒಂದೇ ಸಾಲು, ಚಿಕ್ಕದಾಗಿ ವಿಎಲ್ಎಫ್. ಅದು ಕಾರಿನ ಬೆಲೆಯ ಶೇಕಡಾ 0.65. ಬೆಲೆ 30,000 ಡಾಲರ್ ಎಂದು ಹಿಡಿದಿದ್ದರೆ 195 ಡಾಲರ್. ನೋಟಿಸ್ ಕಳೆದುಹೋಗಿದ್ದರೆ ಡಿಎಂವಿ ವೆಬ್‌ಸೈಟಿನಲ್ಲಿ ವಿಎಲ್ಎಫ್ ಮೊತ್ತ ಹುಡುಕಬಹುದು.

ವರ್ಜೀನಿಯಾ: ಇಲ್ಲಿ ಬಿಲ್ಲು ಕಳಿಸುವುದು ಕೌಂಟಿ ಅಥವಾ ಸಿಟಿ. ಫೇರ್‌ಫ್ಯಾಕ್ಸ್‌ನಲ್ಲಿ ಅಕ್ಟೋಬರ್ 5ಕ್ಕೆ ಕಟ್ಟಬೇಕು. ಲೌಡೌನ್‌ನಲ್ಲಿ ಮೇ 5 ಮತ್ತು ಅಕ್ಟೋಬರ್ 5, ಎರಡು ಕಂತು. ಸ್ವಂತ ಬಳಕೆಯ ಕಾರಿನ ಮೊದಲ 20,000 ಡಾಲರ್ ಬೆಲೆಯ ಮೇಲಿನ ತೆರಿಗೆಯಲ್ಲಿ ಒಂದು ಪಾಲನ್ನು ರಾಜ್ಯ ಸರ್ಕಾರವೇ ಭರಿಸುತ್ತದೆ, ಬಿಲ್ಲಿನಲ್ಲಿ ಅದನ್ನು ಕಾರ್ ಟ್ಯಾಕ್ಸ್ ರಿಲೀಫ್ ಎಂದು ಕಳೆದು ತೋರಿಸಿರುತ್ತಾರೆ. ರಿಲೀಫ್ ಹೋಗಿ ಉಳಿದದ್ದು, ಅಂದರೆ ನಿಮ್ಮ ಜೇಬಿನಿಂದ ಹೋದದ್ದು ಮಾತ್ರ ಲೆಕ್ಕ. ಅದೇ ಬಿಲ್ಲಿಗೆ ಅಂಟಿಕೊಂಡು ಬರುವ ವೆಹಿಕಲ್ ಲೈಸೆನ್ಸ್ ಅಥವಾ ರಿಜಿಸ್ಟ್ರೇಷನ್ ಫೀಗೂ ಕಾರಿನ ಬೆಲೆಗೂ ಸಂಬಂಧವಿಲ್ಲ; ಅದನ್ನು ಬಿಡಿ. ತಮಾಷೆ ನೋಡಿ: ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಫೀ ಎಂಬ ಸಾಲೇ ನಿಮ್ಮದು, ವರ್ಜೀನಿಯಾದಲ್ಲಿ ಅದೇ ಹೆಸರಿನ ಸಾಲು ನಿಮ್ಮದಲ್ಲ. ರಾಜ್ಯ ಬದಲಾಯಿಸಿದವರು ಇಲ್ಲೇ ಎಡವುತ್ತಾರೆ.

ಮ್ಯಾಸಚೂಸೆಟ್ಸ್: ಮೋಟಾರ್ ವೆಹಿಕಲ್ ಎಕ್ಸೈಸ್. ಪ್ರತಿ ಸಾವಿರ ಡಾಲರ್ ಬೆಲೆಗೆ 25 ಡಾಲರ್. ಬೆಲೆ ಎಂದರೆ ನೀವು ಚೌಕಾಸಿ ಮಾಡಿ ಕೊಟ್ಟದ್ದಲ್ಲ, ಕಂಪನಿಯ ಪಟ್ಟಿ ಬೆಲೆ. ಮಾಡೆಲ್ ವರ್ಷದಲ್ಲಿ ಅದರ ಶೇಕಡಾ 90, ಮರುವರ್ಷ 60, ಆಮೇಲೆ 40, 25, ಕೊನೆಗೆ 10. ಪಟ್ಟಿ ಬೆಲೆ 40,000 ಇದ್ದ ಕಾರಿಗೆ ಮಾಡೆಲ್ ವರ್ಷದಲ್ಲಿ 900 ಡಾಲರ್. ಪೂರ್ತಿ ಕಳೆಯಬಹುದು.

ನಾರ್ತ್ ಕ್ಯಾರೊಲೈನಾ: ಕೇರಿ, ಮಾರಿಸ್‌ವಿಲ್ ಕಡೆಯವರಿಗೆ ಟ್ಯಾಗ್ ಮತ್ತು ಟ್ಯಾಕ್ಸ್ ಒಂದೇ ನೋಟಿಸಿನಲ್ಲಿ ಬರುತ್ತದೆ. ಪ್ರಾಪರ್ಟಿ ಟ್ಯಾಕ್ಸ್ ಭಾಗ ಹಾಕಿ, ನಂಬರ್ ಪ್ಲೇಟ್ ರಿನ್ಯೂವಲ್ ಭಾಗ ಬಿಡಿ.

ಜಾರ್ಜಿಯಾ: ಇಲ್ಲಿ ಜಾಸ್ತಿ ಗೊಂದಲ. 2013ರ ಮಾರ್ಚಿನಿಂದ ಈಚೆಗೆ ಕೊಂಡ ಕಾರುಗಳಿಗೆ ಟೈಟಲ್ (ಮಾಲೀಕತ್ವದ ಪತ್ರ) ತೆಗೆದುಕೊಳ್ಳುವಾಗ ಒಂದೇ ಸಲ ಟಿಎವಿಟಿ ಎಂಬ ತೆರಿಗೆ. ಬೆಲೆಯ ಮೇಲೆ ಹಾಕಿದ್ದು ನಿಜ, ಮೊತ್ತವೂ ಸಾವಿರಗಳಲ್ಲಿ ಇರುತ್ತದೆ. ಆದರೆ ವರ್ಷಕ್ಕೊಮ್ಮೆ ಎಂಬ ಷರತ್ತಿನಲ್ಲಿ ಬಿದ್ದುಹೋಗುತ್ತದೆ. ಪರ್ಸನಲ್ ಪ್ರಾಪರ್ಟಿ ಸಾಲಿನಲ್ಲಿ ಹಾಕಬೇಡಿ.

ಟೆಕ್ಸಸ್, ನ್ಯೂಯಾರ್ಕ್, ನ್ಯೂಜೆರ್ಸಿ: ಸ್ವಂತ ಬಳಕೆಯ ಕಾರಿನ ರಿಜಿಸ್ಟ್ರೇಷನ್ ಇಲ್ಲಿ ನಿಗದಿತ ಮೊತ್ತ ಅಥವಾ ತೂಕದ ಲೆಕ್ಕ. ಕಳೆಯಲು ಏನೂ ಇಲ್ಲ. ಹಂತ 5ರ ಕೊನೆಯಲ್ಲಿ ಬರುವ ಸೇಲ್ಸ್ ಟ್ಯಾಕ್ಸ್ ಮತ್ತು ಕಾರಿನ ಸಾಲದ ಬಡ್ಡಿಯ ಮಾತನ್ನಷ್ಟು ಓದಿ ಎದ್ದು ಹೋಗಬಹುದು.

ಅರಿಝೋನಾ, ಮಿಷಿಗನ್, ಕನೆಕ್ಟಿಕಟ್, ಮಿಝೂರಿಗಳಲ್ಲಿ ಬೆಲೆಯ ಮೇಲಿನ ತೆರಿಗೆ ಇದೆ. ನಿಮ್ಮ ರಾಜ್ಯದ ಹೆಸರು ಇಲ್ಲಿ ಇಲ್ಲದಿದ್ದರೆ ಬಿಲ್ಲಿನ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ನನ್ನ ಕಾರು ಇದರ ಅರ್ಧ ಬೆಲೆಯದಾಗಿದ್ದರೆ ಈ ಸಾಲಿನ ಮೊತ್ತ ಕಡಿಮೆ ಆಗುತ್ತಿತ್ತೇ? ಇಲ್ಲ ಎಂದಾದರೆ ಆ ಸಾಲು ಬೇಡ.

ಹಂತ 4: ಯಾರು ಕಟ್ಟಿದ್ದು, ಯಾವಾಗ ಕಟ್ಟಿದ್ದು

ಬಿಲ್ಲು ಯಾವ ವರ್ಷದ್ದು ಎನ್ನುವುದಕ್ಕಿಂತ ಹಣ ಯಾವ ವರ್ಷ ಹೋಯಿತು ಎನ್ನುವುದು ಮುಖ್ಯ. 2025ರ ಬಿಲ್ಲನ್ನು 2026ರ ಜನವರಿ 2ಕ್ಕೆ ಕಟ್ಟಿದರೆ ಅದು 2026ರ ರಿಟರ್ನಿಗೆ. ಕ್ರೆಡಿಟ್ ಕಾರ್ಡಿನಲ್ಲಿ ಡಿಸೆಂಬರ್ 30ಕ್ಕೆ ಉಜ್ಜಿ, ಕಾರ್ಡಿನ ಬಾಕಿಯನ್ನು ಫೆಬ್ರವರಿಯಲ್ಲಿ ತೀರಿಸಿದರೂ ಡಿಸೆಂಬರಿನದೇ ಲೆಕ್ಕ. ಕಾರ್ಡಿಗೆಂದು ಕೌಂಟಿ ಹಾಕುವ ಕನ್ವೀನಿಯನ್ಸ್ ಫೀ, ತಡವಾಗಿದ್ದಕ್ಕೆ ಬಿದ್ದ ದಂಡ, ಬಡ್ಡಿ ಯಾವುದನ್ನೂ ಸೇರಿಸುವಂತಿಲ್ಲ.

ತೆರಿಗೆ ನಿಮ್ಮ ಮೇಲೆ ವಿಧಿಸಿದ್ದಾಗಿರಬೇಕು. ಕಾರು ಲೀಸಿನದಾದರೆ ಮಾಲೀಕ ಲೀಸಿಂಗ್ ಕಂಪನಿ. ಕೌಂಟಿ ಅವರಿಗೆ ಬಿಲ್ ಕಳಿಸಿ, ಅವರು ನಿಮ್ಮ ತಿಂಗಳ ಕಂತಿಗೆ ಸೇರಿಸಿ ವಸೂಲು ಮಾಡಿದರೆ ಅದು ನಿಮ್ಮ ಮಟ್ಟಿಗೆ ಬಾಡಿಗೆಯ ಭಾಗ. ಹಾಗೆಯೇ ಓದುತ್ತಿರುವ ಮಗನ ಹೆಸರಿನ ಕಾರಿಗೆ ನೀವು ಹಣ ಕಟ್ಟಿದ್ದರೆ ಅದು ನಿಮ್ಮ ಶೆಡ್ಯೂಲ್ ಎಗೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಹಿಂದಿನ ಮಾಲೀಕರ ಹಳೆಯ ಬಾಕಿ ತೀರಿಸಿದ್ದರೆ ಅದೂ ಅಷ್ಟೇ.

ಹಂತ 5: ಯಾವ ಸಾಲಿನಲ್ಲಿ ಬರೆಯುವುದು

ಫಾರ್ಮ್ 1040ರ ಶೆಡ್ಯೂಲ್ ಎ, ಸಾಲು 5ಸಿ. 5ಎಯಲ್ಲಿ ರಾಜ್ಯದ ಆದಾಯ ತೆರಿಗೆ ಅಥವಾ ಸೇಲ್ಸ್ ಟ್ಯಾಕ್ಸ್, 5ಬಿಯಲ್ಲಿ ಮನೆಯ ತೆರಿಗೆ, 5ಸಿಯಲ್ಲಿ ಕಾರಿನದು. 5ಡಿಯಲ್ಲಿ ಮೂರನ್ನೂ ಕೂಡಿಸಿ, 5ಇಯಲ್ಲಿ ಮಿತಿಗೆ ಇಳಿಸುವುದು. ಸಾಫ್ಟ್‌ವೇರ್ ಬಳಸುವವರು ಎಚ್ಚರ: ಕಾರ್ ರಿಜಿಸ್ಟ್ರೇಷನ್ ಎಷ್ಟು ಕಟ್ಟಿದಿರಿ ಎಂಬಂಥ ಪ್ರಶ್ನೆ ಎದುರಾದಾಗ ಕೈ ತಾನಾಗಿ ಒಟ್ಟು ಮೊತ್ತ ಒತ್ತಿಬಿಡುತ್ತದೆ. ಬೆಲೆಯ ಮೇಲಿನ ಭಾಗವನ್ನು ಮಾತ್ರ ಹಾಕಿ. ಬಿಲ್ಲನ್ನು ರಿಟರ್ನಿಗೆ ಲಗತ್ತಿಸಬೇಕಿಲ್ಲ; ಕನಿಷ್ಠ 3 ವರ್ಷ ಇಟ್ಟುಕೊಂಡಿರಿ.

ಇದರ ಜೊತೆ ಕಲಸಿಹೋಗುವ ಎರಡು ಸಂಗತಿಗಳಿವೆ. ಕಾರು ಕೊಂಡಾಗ ಕಟ್ಟಿದ ಸೇಲ್ಸ್ ಟ್ಯಾಕ್ಸ್ 5ಸಿಗೆ ಸೇರುವುದಿಲ್ಲ, ಅದು 5ಎಗೆ. ಅದೂ ಆದಾಯ ತೆರಿಗೆಯ ಬದಲು ಸೇಲ್ಸ್ ಟ್ಯಾಕ್ಸ್ ಆರಿಸಿಕೊಂಡರೆ ಮಾತ್ರ. ಟೆಕ್ಸಸ್, ವಾಷಿಂಗ್ಟನ್ ರಾಜ್ಯದಂತೆ ಸಂಬಳದ ಮೇಲೆ ತೆರಿಗೆ ಇಲ್ಲದ ಕಡೆ ಹೊಸ ಕಾರು ಕೊಂಡ ವರ್ಷ ಇದು ದೊಡ್ಡ ಮೊತ್ತವೇ. ಎರಡನೆಯದು, ಕಾರಿನ ಸಾಲದ ಬಡ್ಡಿ. 2025ರಿಂದ 2028ರವರೆಗೆ, ಅಮೆರಿಕದಲ್ಲೇ ಕೊನೆಯ ಜೋಡಣೆಯಾದ ಹೊಸ ಕಾರಿಗೆ 2024ರ ನಂತರ ತೆಗೆದ ಸಾಲವಾದರೆ ವರ್ಷಕ್ಕೆ 10,000 ಡಾಲರ್‌ವರೆಗಿನ ಬಡ್ಡಿ ಕಳೆಯಬಹುದು. ಒಂಟಿಯಾಗಿ 1,00,000, ಜಂಟಿಯಾಗಿ 2,00,000 ಡಾಲರ್ ಆದಾಯ ದಾಟಿದ ಮೇಲೆ ಇದು ಕರಗುತ್ತಾ ಹೋಗುತ್ತದೆ. ಇದಕ್ಕೆ ಐಟಮೈಸ್ ಮಾಡಬೇಕಿಲ್ಲ, ಶೆಡ್ಯೂಲ್ 1-ಎ ಎಂಬ ಬೇರೆ ಹಾಳೆ. ಹಂತ 1ರಲ್ಲೇ ಹೊರಬಿದ್ದವರು ಕೂಡ ಇದನ್ನು ಒಮ್ಮೆ ನೋಡಿಕೊಳ್ಳಿ.

ಹಂತ 6: ಕಾರು ದುಡಿಮೆಗೂ ಬಳಕೆಯಾಗುತ್ತಿದ್ದರೆ

ಗ್ರೀನ್ ಕಾರ್ಡ್ ಬಂದ ಮೇಲೆ ರಿಯಲ್ ಎಸ್ಟೇಟ್ ಲೈಸೆನ್ಸ್ ಮಾಡಿಸಿಕೊಂಡವರು, ಸ್ವಂತ ಕನ್ಸಲ್ಟಿಂಗ್ ನಡೆಸುವವರು ಇಲ್ಲಿ ನಿಲ್ಲಿ. ಸ್ವಂತ ಉದ್ಯೋಗದವರಾದರೆ ತೆರಿಗೆಯಲ್ಲಿ ವ್ಯವಹಾರದ ಪಾಲು ಸ್ವಂತ ವ್ಯವಹಾರದ ಆದಾಯ ಖರ್ಚು ತೋರಿಸುವ ಶೆಡ್ಯೂಲ್ ಸಿಗೆ ಹೋಗುತ್ತದೆ. ವರ್ಷದ ಮೈಲಿಗಳಲ್ಲಿ ಶೇಕಡಾ 60 ಕೆಲಸಕ್ಕೆ ಓಡಿದ್ದು, ತೆರಿಗೆ 600 ಡಾಲರ್ ಎಂದಾದರೆ 360 ಶೆಡ್ಯೂಲ್ ಸಿಗೆ, ಉಳಿದ 240 ಶೆಡ್ಯೂಲ್ ಎಯ 5ಸಿಗೆ. ಶೆಡ್ಯೂಲ್ ಸಿಗೆ ಹೋದದ್ದಕ್ಕೆ ಸಾಲ್ಟ್ ಮಿತಿ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡರೂ ನಡೆಯುತ್ತದೆ, ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಮೈಲಿಗೆ ಇಷ್ಟು ಎಂದು ಕಳೆಯುವ ಪದ್ಧತಿ, 2025ಕ್ಕೆ 70 ಸೆಂಟ್, ಅದನ್ನು ಆರಿಸಿಕೊಂಡವರು ಎಲ್ಲವೂ ಅದರಲ್ಲೇ ಬಂತು ಎಂದುಕೊಂಡು ಈ ತೆರಿಗೆಯನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಇದು ಅದರ ಮೇಲೆ ಪ್ರತ್ಯೇಕ. ಸಂಬಳಕ್ಕೆ ದುಡಿಯುವ ಬಹುತೇಕ ಡಬ್ಲ್ಯು-2 ನೌಕರರಿಗೆ ಕೆಲಸದ ಓಡಾಟದ ಖರ್ಚು ಕಳೆಯುವ ಅವಕಾಶ 2018ರಿಂದ ಇಲ್ಲ.

ಹಂತ 7: ವೀಸಾ ಯಾವುದು ಎಂದು ನೋಡಿ

ಎಫ್-1 ವೀಸಾದಲ್ಲಿ ಓದಲು ಬಂದು ಮೊದಲ ಐದು ಕ್ಯಾಲೆಂಡರ್ ವರ್ಷಗಳ ಒಳಗಿರುವವರು ಸಾಮಾನ್ಯವಾಗಿ 1040-ಎನ್ಆರ್ (ಅನಿವಾಸಿಗಳ ರಿಟರ್ನ್) ಸಲ್ಲಿಸುತ್ತಾರೆ. ಅದರ ಶೆಡ್ಯೂಲ್ ಎಯಲ್ಲಿ ರಾಜ್ಯದ ಆದಾಯ ತೆರಿಗೆಗೆ ಜಾಗ ಇದೆ, ಕಾರಿನ ಟ್ಯಾಕ್ಸಿಗೆ ಸಾಲೇ ಇಲ್ಲ. ಆದರೆ ಭಾರತದ ವಿದ್ಯಾರ್ಥಿಗಳಿಗೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಬೇರೆ ದೇಶದ ಬಹುತೇಕ ವಿದ್ಯಾರ್ಥಿಗಳಿಗೆ ಅದಿಲ್ಲ. ಹಾಗಾಗಿ ಕಾರಿನ ಸಾಲು ಇಲ್ಲವೆಂದು ಕೊರಗುವುದು ಬೇಡ.

ವರ್ಷದ ನಡುವೆ ಬಂದು ಡ್ಯುಯಲ್ ಸ್ಟೇಟಸ್, ಅಂದರೆ ಅರ್ಧ ವರ್ಷ ಅನಿವಾಸಿ ಅರ್ಧ ವರ್ಷ ನಿವಾಸಿ ಎಂದು ಸಲ್ಲಿಸುವವರ ಕತೆ ಉಲ್ಟಾ. ಅವರಿಗೆ ಆ ವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಐಟಮೈಸ್ ಮಾಡಲೇಬೇಕು. ನಿವಾಸಿಯಾದ ಮೇಲೆ ಕಟ್ಟಿದ ಕಾರಿನ ಟ್ಯಾಕ್ಸ್ 150 ಡಾಲರ್ ಇದ್ದರೂ ಅದು ಕೆಲಸಕ್ಕೆ ಬರುತ್ತದೆ. ಬೇರೆ ಬೇರೆ ಸಲ್ಲಿಸುವ ಗಂಡ ಹೆಂಡತಿಗೂ ಒಂದು ಮಾತು: ಒಬ್ಬರು ಐಟಮೈಸ್ ಮಾಡಿದರೆ ಇನ್ನೊಬ್ಬರೂ ಅದನ್ನೇ ಮಾಡಬೇಕು.

ಹಂತ 8: ರಾಜ್ಯದ ರಿಟರ್ನನ್ನು ಮರೆಯಬೇಡಿ

ಫೆಡರಲ್‌ನಲ್ಲಿ ಲಾಭವಿಲ್ಲ ಎಂದು ಬಿಲ್ಲನ್ನು ಎಸೆಯುವ ಮುಂಚೆ ಕ್ಯಾಲಿಫೋರ್ನಿಯಾದವರು ಇದನ್ನು ಓದಿ. ಅಲ್ಲಿನ ಸ್ಟ್ಯಾಂಡರ್ಡ್ ಡಿಡಕ್ಷನ್ ತೀರಾ ಸಣ್ಣದು: 2025ಕ್ಕೆ ಒಂಟಿಯವರಿಗೆ 5,706 ಡಾಲರ್, ಜಂಟಿಯವರಿಗೆ 11,412. ಫೆಡರಲ್‌ನಲ್ಲಿ ಸ್ಟ್ಯಾಂಡರ್ಡ್ ತೆಗೆದುಕೊಂಡು ರಾಜ್ಯದ್ದರಲ್ಲಿ ಐಟಮೈಸ್ ಮಾಡಲು ಅಡ್ಡಿಯಿಲ್ಲ. ಅಲ್ಲಿ ರಾಜ್ಯದ ಆದಾಯ ತೆರಿಗೆಯನ್ನು ಕಳೆಯಲಾಗದು; ಮನೆಯ ತೆರಿಗೆ, ವಿಎಲ್ಎಫ್ ಎರಡನ್ನೂ ಕಳೆಯಬಹುದು, ಫೆಡರಲ್‌ನ ಸಾಲ್ಟ್ ಮಿತಿ ಅಲ್ಲಿಗೆ ಅನ್ವಯಿಸುವುದಿಲ್ಲ. ಮನೆ ಸಾಲ ಇರುವವರಿಗೆ ಇಲ್ಲಿ ಲಾಭ ಸಿಗುವ ಸಂಭವ ಹೆಚ್ಚು. ವರ್ಜೀನಿಯಾದಲ್ಲಿ ಈ ಸ್ವಾತಂತ್ರ್ಯ ಇಲ್ಲ, ಫೆಡರಲ್‌ನಲ್ಲಿ ಆರಿಸಿಕೊಂಡದ್ದೇ ರಾಜ್ಯಕ್ಕೂ. ನಾರ್ತ್ ಕ್ಯಾರೊಲೈನಾ ತನ್ನ ಐಟಮೈಸ್ ಪಟ್ಟಿಯಲ್ಲಿ ಮನೆಯ ತೆರಿಗೆಗೆ ಜಾಗ ಕೊಡುತ್ತದೆ, ಕಾರಿನದಕ್ಕೆ ಇಲ್ಲ.

ಊರಿನ ಕಾರು, ಊರಿನ ಮನೆ

ಕೊನೆಗೆ, ಅಪ್ಪನಿಗೆಂದು ಮೈಸೂರಿನಲ್ಲಿ ಕೊಂಡ ಕಾರಿನ ರೋಡ್ ಟ್ಯಾಕ್ಸ್. ಕರ್ನಾಟಕದಲ್ಲಿ ಕಾರಿಗೆ ಕಟ್ಟುವ ಜೀವಾವಧಿ ತೆರಿಗೆ ಬೆಲೆಯ ಮೇಲೆಯೇ ನಿಂತಿದೆ, ಲಕ್ಷಗಳಲ್ಲಿ ಹೋಗುತ್ತದೆ, ಆದ್ದರಿಂದ ಆಸೆ ಹುಟ್ಟುವುದು ಸಹಜ. ಆದರೆ ಅದು ಒಂದೇ ಸಲದ್ದು, ಮೇಲಾಗಿ ಶೆಡ್ಯೂಲ್ ಎ ಹೇಳುವ ರಾಜ್ಯ ಎಂದರೆ ಅಮೆರಿಕದ ರಾಜ್ಯ. ಕರ್ನಾಟಕ ಸರ್ಕಾರಕ್ಕೆ ಕಟ್ಟಿದ್ದು 5ಸಿಗೆ ಬರುವುದಿಲ್ಲ. ಬೆಂಗಳೂರಿನ ಸ್ವಂತ ವಾಸದ ಮನೆಗೆ ಕಟ್ಟಿದ ಕಂದಾಯವೂ 5ಬಿಗೆ ಸಲ್ಲದು. ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಬಾಡಿಗೆ ಆದಾಯವನ್ನು ತೋರಿಸುವ ಶೆಡ್ಯೂಲ್ ಇಯಲ್ಲಿ, ಆ ಆದಾಯದ ಎದುರಿಗೆ, ಕಂದಾಯವನ್ನು ಖರ್ಚೆಂದು ಹಾಕಬಹುದು. ಹೇಗೂ ಆ ಬಾಡಿಗೆಯನ್ನು ನೀವು ಅಮೆರಿಕದ ರಿಟರ್ನಿನಲ್ಲಿ ತೋರಿಸುತ್ತಿದ್ದೀರಿ ತಾನೇ?